ಹಸಿ ಕಾಳಿನ ಕೊಕ್ಕೆ

ರವಿಕೆಯ ಬದಿ ಹೊಲಿಗೆ ಬಿಚ್ಚಿ, ಇನ್ನಷ್ಟು ಒಳಗೆ ಗುರುತು ಹಾಕಿಕೊಂಡು ಟೈಲರಕ್ಕ ಮಿಷಿನ್ ತುಳಿಯುತ್ತಿದ್ದಳು. ಗಿರಾಕಿಯದ್ದಲ್ಲ, ಅವಳದೇ ರವಿಕೆ. ಈಚೆಗೆ ತನ್ನ ಬಟ್ಟೆಗಳನ್ನು ಹೀಗೆ ಕಿರಿದು ಮಾಡುವುದೇ ಒಂದು ಕೆಲಸವಾಗಿತ್ತು. ಮೈ ಇಳಿಯುತ್ತಿತ್ತು, ಹೊಟ್ಟೆ ಮಾತ್ರ ಗಾಳಿ ತುಂಬಿದ ಹಾಗೆ ಬಿಗಿಯುತ್ತಿತ್ತು. ಕಾಲು ಬೇಗ ಸೋತು, ಒಪ್ಪಿಕೊಂಡ ಬಟ್ಟೆಗಳು ಹಾಗೇ ಉಳಿಯುತ್ತಿದ್ದವು.

ಎದುರಿನ ಮಿಷಿನ್ನಿಗೆ ಗವಸು ಹಾಕಿತ್ತು. ಅದು ತಂಗಿಯದು. ಮದುವೆಯಾಗಿ ಬೇರೆ ಊರಿಗೆ ಹೋಗುವವರೆಗೂ ಇಬ್ಬರೂ ಎದುರುಬದುರು ಕೂತು ಹೊಲಿಯುತ್ತಿದ್ದರು. ಬಟ್ಟೆ ಕತ್ತರಿಸುವುದು ಅಕ್ಕನ ಪಾಲು, ಅಡುಗೆ ತಂಗಿಯ ಪಾಲು. ಅವಳು ಹೋದ ಮೇಲೆ ಒಬ್ಬಳಿಗಾಗಿ ಒಲೆ ಹಚ್ಚುವುದು ದಂಡ ಅನ್ನಿಸಿತು. ಸೋಯಾ ಕಾಳಿನಲ್ಲಿ ಶಕ್ತಿ ಇದೆ ಎಂದು ಯಾರೋ ಹೇಳಿದ್ದರು. ಹಸಿ ಕಾಳನ್ನೇ ಮಿಕ್ಸಿಯಲ್ಲಿ ಪುಡಿ ಮಾಡಿ ಡಬ್ಬಿಗೆ ತುಂಬಿದಳು. ತಣ್ಣನೆ ಹಾಲಿಗೆ ಕದಡಿ, ನಿಂತಲ್ಲೇ ಕುಡಿದರೆ ಊಟ ಮುಗಿಯಿತು. ದಿನಾ ಸಂಜೆ ತಂಗಿ ಫೋನಿನಲ್ಲಿ, "ಅಡುಗೆ ಆಯ್ತಾ ಅಕ್ಕಾ?" ಅನ್ನುತ್ತಿದ್ದಳು. "ಆಗಲೇ ಆಯ್ತು ಕಣೇ" ಎಂದು ಇವಳು.

"ಯಾವ ಮಗುವಿಗೆ ಈ ರವಿಕೆ?" ಎಂದು ನಗುತ್ತಾ ಬಂದದ್ದು ಆರೋಗ್ಯ ಕೇಂದ್ರದ ನರ್ಸಮ್ಮ, ಹೊಲಿಯಲು ಕೊಟ್ಟಿದ್ದ ಯೂನಿಫಾರ್ಮ್ ಕೇಳಲು.

"ನಂದೇ ಕಣಮ್ಮ."

ನರ್ಸಮ್ಮನ ನಗು ನಿಂತಿತು. "ಏನು ತಿಂತಿದ್ದೀಯ ಅಕ್ಕ?"

ಟೈಲರಕ್ಕ ಹೆಮ್ಮೆಯಿಂದಲೇ ಡಬ್ಬಿ ತೋರಿಸಿದಳು.

"ಬೇಯಿಸಿಲ್ವಾ ಇದನ್ನ?"

"ಬೇಯಿಸಿದ್ರೆ ಸತ್ವ ಹೋಗಲ್ವಾ? ಪ್ರೋಟೀನ್ ಪ್ರೋಟೀನ್ ಅಂತ ನೀವೇ ಬಡ್ಕೋತೀರ."

"ಪ್ರೋಟೀನ್ ಇದೆ. ಅದು ಮೈಗೆ ಹತ್ತದ ಹಾಗೆ ತಡೆಯೋ ಪ್ರೋಟೀನೂ ಅದರಲ್ಲೇ ಇದೆ."

"ಚೆನ್ನಾಗಿದೆ ಕಥೆ! ಓದಿದೋರು ಹೀಗೇ ತಲೆ ಕೆಡಿಸೋದು."

ನರ್ಸಮ್ಮ ಮೇಜಿನ ಮೇಲಿದ್ದ ಕತ್ತರಿ ಎತ್ತಿಕೊಂಡು, ಅದರ ಬಾಯಿಗೆ ರವಿಕೆಯ ಕೊಕ್ಕೆಯೊಂದನ್ನು ಇಟ್ಟು ಒತ್ತಹೋದಳು.

"ಅಯ್ಯೋ, ತೆಗಿ! ಬಾಯಿ ಹಾಳಾಗುತ್ತೆ!"

"ಬಟ್ಟೆ ಕತ್ತರಿ ಮೇಲೆ ಇಷ್ಟು ಕನಿಕರ, ಹೊಟ್ಟೆ ಕತ್ತರಿ ಮೇಲೆ ಇಲ್ವಾ? ಕೇಳು. ಪ್ರೋಟೀನ್ ಅಂದ್ರೆ ಮಡಚಿಕೊಂಡಿರೋ ಉದ್ದ ದಾರ. ಕರುಳಲ್ಲಿರೋ ಕಿಣ್ವ ಅದನ್ನ ತುಂಡು ಮಾಡೋ ಕತ್ತರಿ. ತುಂಡಾದ್ರೇನೇ ರಕ್ತಕ್ಕೆ ಸೇರೋದು. ಹಸಿ ಕಾಳಲ್ಲಿರೋ ಈ ತುಂಟ ಪ್ರೋಟೀನಿನ ಮೈಯಿಂದ ಒಂದು ಕುಣಿಕೆ ಹೊರಗೆ ಚಾಚಿರುತ್ತೆ. ಅಳತೆ ತಗೊಂಡು ಹೊಲಿದ ಹಾಗೆ ಕತ್ತರಿ ಬಾಯೊಳಗೆ ಕೂರುತ್ತೆ. ಕತ್ತರಿ ಕಚ್ಚುತ್ತೆ, ತುಂಡು ಮಾಡೋಕೂ ಆಗಲ್ಲ, ಬಿಡೋಕೂ ಆಗಲ್ಲ."

"ಅಷ್ಟು ಗಟ್ಟಿನಾ?"

"ಕುಣಿಕೆ ಅಲ್ಲಾಡದ ಹಾಗೆ ದಾರದ ಮಡಿಕೆಗಳನ್ನ ಸೇರಿಸಿ ಗಂಧಕದ ಹೊಲಿಗೆ ಬಿದ್ದಿರುತ್ತೆ. ಸೋಯಾದಲ್ಲಿ ಈ ತುಂಟ ಪ್ರೋಟೀನು ಮುಖ್ಯವಾಗಿ ಎರಡು ಜಾತಿ. ದೊಡ್ಡದಕ್ಕೆ ಹೊಲಿಗೆ ಎರಡೇ. ಕುದಿಸಿದ್ರೆ ಮಡಿಕೆ ಬಿಚ್ಚಿಕೊಳ್ಳುತ್ತೆ. ಚಿಕ್ಕದಕ್ಕೆ ಏಳು ಹೊಲಿಗೆ, ಎರಡು ಕುಣಿಕೆ. ಒಂದೇ ಸಲ ಎರಡು ಕತ್ತರಿ ಹಿಡಿಯುತ್ತೆ. ಅದು ಬೇಗ ಜಗ್ಗಲ್ಲ, ಚೆನ್ನಾಗಿ ಹೊತ್ತು ಹಿಡಿದು ಬೇಯಿಸಬೇಕು."

"ಅಷ್ಟು ಪುಟ್ಟದಕ್ಕೆ ಏಳು ಹೊಲಿಗೆ! ಯಾವ ಟೈಲರಮ್ಮ ಅದು?"

"ಗಿಡ. ಹುಳ ತಿಂದು ಅರಗಿಸಿಕೊಳ್ಳಬಾರದು ಅಂತ ಹೊಲಿದದ್ದು. ನೀನು ಹೋಗಿ ಹುಳದ ಸಾಲಲ್ಲಿ ನಿಂತಿದ್ದೀಯ."

ಟೈಲರಕ್ಕ ನಕ್ಕಳು. ಮನೆಯಲ್ಲಿ ತನ್ನ ನಗು ಕೇಳಿ ಎಷ್ಟೋ ಕಾಲವಾಗಿತ್ತು.

"ಕತ್ತರಿ ಸಿಕ್ಕಿಕೊಂಡ್ರೆ ಮೈ ಸುಮ್ಮನಿರಲ್ಲ, ಹೊಸ ಕತ್ತರಿ ಮಾಡ್ತಾನೇ ಇರುತ್ತೆ. ಅದಕ್ಕೂ ಪ್ರೋಟೀನೇ ಬೇಕು. ಎಲ್ಲಿಂದ ತರುತ್ತೆ ಹೇಳು?"

ಟೈಲರಕ್ಕ ಕೈಯಲ್ಲಿದ್ದ ರವಿಕೆಯನ್ನು ನೋಡಿದಳು.

"ಕಾಳನ್ನ ರಾತ್ರಿಯೆಲ್ಲ ನೆನೆಸು. ಆ ನೀರು ಚೆಲ್ಲು. ಹೊಸ ನೀರಲ್ಲಿ, ಬೆರಳಲ್ಲಿ ಒತ್ತಿದ್ರೆ ಹಿಸುಕಿ ಹೋಗೋವರೆಗೂ ಬೇಯಿಸು. ಸತ್ವ ಎಲ್ಲೂ ಹೋಗಲ್ಲ. ನಾಳೆ ಕೇಂದ್ರಕ್ಕೂ ಬಾ. ಸೊರಗೋಕೆ ಬೇರೆ ಕಾರಣ ಇದ್ರೆ ಅದನ್ನೂ ನೋಡಬೇಕು."

ನರ್ಸಮ್ಮ ಹೋದ ಮೇಲೆ ಮನೆ ಮತ್ತೆ ಮೊದಲಿನಂತಾಯಿತು. ಟೈಲರಕ್ಕ ಪುಡಿಯನ್ನು ಚೆಲ್ಲಿ, ಒಂದು ಹಿಡಿ ಕಾಳು ನೆನೆಹಾಕಿದಳು. ತಂಗಿ ಹೀಗೇ ಮಾಡುತ್ತಿದ್ದಳಲ್ಲ ಎಂದು ಆಗ ನೆನಪಾಯಿತು. ಎಷ್ಟು ವರ್ಷ ಉಂಡರೂ ಒಮ್ಮೆಯೂ ಯಾಕೆಂದು ಕೇಳಿರಲಿಲ್ಲ.

ಅಕ್ಕಂದಿರೇ, ತಂಗಿಯರೇ, ಸೋಯಾ, ರಾಜ್ಮಾ, ಅವರೆಯಂಥ ಒಣಕಾಳುಗಳನ್ನು ಹಸಿಯಾಗಿ ತಿನ್ನಬೇಡಿ, ಹಸಿ ಪುಡಿ ಮಾಡಿ ಮಕ್ಕಳ ಹಾಲಿಗೂ ಬೆರೆಸಬೇಡಿ. ನೆನೆಸಿ, ನೀರು ಬದಲಿಸಿ, ಮೆತ್ತಗೆ ಬೇಯಿಸಿ. ಉಣ್ಣುವವರು ನೀವೊಬ್ಬರೇ ಇದ್ದರೂ ಬೇಯಿಸಿ. ನೀವೂ ನಿಮ್ಮ ಮನೆಯವರಲ್ಲಿ ಒಬ್ಬರು ತಾನೇ.

ಮರುದಿನ ಸಂಜೆ ಕಾಳು ಕುದಿಯುತ್ತಿರುವಾಗ ಫೋನ್ ಬಂತು.

"ಅಡುಗೆ ಆಯ್ತಾ ಅಕ್ಕಾ?"

"ಇನ್ನೂ ಇಲ್ಲ ಕಣೇ. ಒಲೆ ಮೇಲಿದೆ."

ಅಷ್ಟೇ ಹೇಳಿದಳು. ಇನ್ನು ಮೇಲೆ ಕೂತೇ ಉಣ್ಣುವುದೆಂದು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡು, ಬಟ್ಟೆ ಚೂರುಗಳನ್ನು ಸರಿಸಿ, ತಂಗಿಯ ಮಿಷಿನ್ನಿನೆದುರು ತನ್ನ ತಟ್ಟೆ ಇಟ್ಟಳು.