ಅಸ್ತರಿನೊಳಗಿನ ತಗಡು

ಮಿರ್ಲಾನ್ ಕೊನೆಯ ಸಲವೂ ತಪ್ಪು ಸಂಖ್ಯೆಯನ್ನೇ ಒತ್ತಿದ. ಬೆಂಕಿಪೊಟ್ಟಣದಷ್ಟು ಚಿಕ್ಕದಾದ, ಕ್ರಿಪ್ಟೊ ಹಣ ಕಾಯುವ ಆ ಪೆಟ್ಟಿಗೆಯ ಪರದೆ ಒಮ್ಮೆ ಮಿನುಗಿತು. ತನ್ನೊಳಗಿದ್ದುದನ್ನೆಲ್ಲ ಅಳಿಸಿಕೊಂಡು, ಆಗತಾನೇ ಅಂಗಡಿಯಿಂದ ಬಂದ ವಸ್ತುವಿನಂತೆ ಅವನಿಗೆ ಸ್ವಾಗತ ಕೋರಿತು. ಸೋದರಮಾವ ಸಪರಾಲಿ ಹುಟ್ಟಿದ ವರ್ಷ, ಮದುವೆಯ ವರ್ಷ, ಬಜಾರಿನ ಅಂಗಡಿಯ ನಂಬರು, ಎಲ್ಲವನ್ನೂ ಅವನು ಪ್ರಯತ್ನಿಸಿ ನೋಡಿದ್ದ. ಅಂಗಳದಲ್ಲಿ ಹೂಡಿದ್ದ ಕಂಬಳಿಯ ಗುಡಾರದೊಳಗೆ, ಪರದೆಯ ಮರೆಯಲ್ಲಿ, ಅದೇ ಸೋದರಮಾವನ ಶವಕ್ಕೆ ಸ್ನಾನ ಮಾಡಿಸುತ್ತಿದ್ದರು. ಸತ್ತವನನ್ನು ಮಣ್ಣಿಗಿಡುವ ಮೊದಲೇ ಅವನ ಬೀಗಕ್ಕೆ ಕೈಹಾಕುವುದಕ್ಕೆ ಲೋಕದಲ್ಲಿ ಒಂದೇ ಹೆಸರಿದೆ. ಮಿರ್ಲಾನ್ ಅದನ್ನು ಸಹಾಯವೆಂದು ನಂಬಿದ್ದ.

ಅವನು ಗುಡಾರದ ಹಿಂಬದಿಗೆ ಬಂದು ಕುಕ್ಕರಿಸಿದ. ಒಳಗೆ ಹೆಂಗಸರು ಗೋಡೆಗೆ ಮುಖಮಾಡಿ ಕುಳಿತು ಶೋಕಗೀತೆ ಹಾಡುತ್ತಿದ್ದರು. ಕಂಬಳಿಯ ಆಚೆ, ಅವನ ಮೊಳಕಾಲಿಗೆ ತಾಗುವಷ್ಟು ಹತ್ತಿರದಲ್ಲಿ, ಸಪರಾಲಿಯ ಮಗಳು ಬುರುಲ್ ಇದ್ದಳು.

"ಅಕ್ಕಾ, ಬೈಬೇಡ. ಪೆಟ್ಟಿಗೆ ಖಾಲಿಯಾಗೋಯ್ತು."

ಬುರುಲ್‌ಳ ಹಾಡು ಅರ್ಧಕ್ಕೆ ನಿಂತಿತು. "ಅದನ್ನ ಮುಟ್ಟು ಅಂತ ನಿನಗೆ ಯಾರು ಹೇಳಿದ್ರು?"

"ಒಳ್ಳೇದಕ್ಕೇ ಮಾಡಿದ್ದು. ಅದನ್ನ ಮತ್ತೆ ತೆರೆಯೋ ಪದಗಳನ್ನ ಮಾವ ಎಲ್ಲಾದರೂ ಬರೆದಿಟ್ಟಿದ್ದಾನಾ? ಹೇಳು, ಫೋನಲ್ಲಿ ಫೋಟೋ ತೆಗೆದು ಈಗಲೇ ಸರಿಮಾಡ್ತೀನಿ."

 ಸೋದರತ್ತೆ ಕನಿಷಾ, ಅಂದರೆ ಮಿರ್ಲಾನನ ತಾಯಿ, ಬುರುಲ್‌ಳ ಬೆನ್ನು ತಟ್ಟಿ ಹಾಡನ್ನು ಮುಂದುವರಿಸುವಂತೆ ಸನ್ನೆ ಮಾಡಿದಳು.

*

ಮೊದಲ ಪೆಟ್ಟಿಗೆಯನ್ನು ಅಗ್ಗಕ್ಕೆ ತಂದುಕೊಟ್ಟವನೂ ಮಿರ್ಲಾನನೇ. ಅದರ ಜೊತೆಗಿದ್ದ ಚೀಟಿಯಲ್ಲಿ, ಪೆಟ್ಟಿಗೆ ಅಳಿದರೂ ಹಣವನ್ನು ಮರಳಿ ಕೊಡಿಸುವ ಇಪ್ಪತ್ತನಾಲ್ಕು ಪದಗಳನ್ನು ಯಾರೋ ಆಗಲೇ ಅಂದವಾಗಿ ಅಚ್ಚುಹಾಕಿಸಿದ್ದರು. ಬರೆಯುವ ಕಷ್ಟವೂ ಉಳಿಯಿತೆಂದು ಮಿರ್ಲಾನ್ ಹೊಗಳಿದ. ಕರಕೋಲ್ ಬಜಾರಿನಲ್ಲಿ ಬೀಗ ರಿಪೇರಿ ಮಾಡಿಯೇ ಮುದುಕನಾದ ಸಪರಾಲಿ ಆ ಚೀಟಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ.

"ಬೀಗಕ್ಕಿಂತ ಮುಂಚೆ ಅದರ ಕೀ ಬೇರೆಯವನ ಜೇಬಿಗೆ ಹೋಗಿದೆ. ವಾಪಸ್ ಕೊಡು. ಆ ಮಾರಿದವನಿಗೆ ನನ್ನ ಸಲಾಮೂ ಹೇಳು."

ಹೊಸದನ್ನು ತಯಾರಿಸಿದವರಿಂದಲೇ ತರಿಸಿದರು. ಸಪರಾಲಿ ಪರದೆ ಎಳೆದ, ಮಗಳ ಫೋನನ್ನು ಹಿಟ್ಟಿನ ಡಬ್ಬಿಗೆ ಹಾಕಿದ, ಬೆಕ್ಕನ್ನೂ ಹೊರಗಟ್ಟಿದ. ಪೆಟ್ಟಿಗೆ ತಾನೇ ಆರಿಸಿ ತೋರಿಸಿದ ಪದಗಳನ್ನು ಬುರುಲ್ ಪಿಸುಗುಟ್ಟುತ್ತ ಅಕ್ಷರ ಬಿಡಿಸಿ ತೋರಿಸಿದಳು. ಇಂಗ್ಲಿಷ್ ಬಾರದ ಮುದುಕ ಒಂದೊಂದು ಅಕ್ಷರವನ್ನೂ ಚಿತ್ರದಂತೆ ನೋಡಿಕೊಂಡು ಉಕ್ಕಿನ ತಗಡಿನ ಮೇಲೆ ಉಳಿಯಿಂದ ಕೆತ್ತಿದ. ಮುಗಿದ ಮೇಲೆ, ಪೆಟ್ಟಿಗೆಗೆ ಇನ್ನೂ ಹಣ ಹಾಕುವ ಮೊದಲೇ, ಬೇಕೆಂದೇ ತಪ್ಪು ಸಂಖ್ಯೆ ಒತ್ತಿ ಎಲ್ಲವನ್ನೂ ಅಳಿಸಿಬಿಟ್ಟ. ಬುರುಲ್ ಗಾಬರಿಯಾದಳು.

"ಅಳಬೇಡ. ಈಗ ತಗಡು ನೋಡಿ ತೆರೆ. ಎರಡನೇ ಕೀ ಹಾಕಿ ನೋಡದ ಬೀಗವನ್ನ ನಾನು ಯಾವ ಗಿರಾಕಿಗೂ ಕೊಟ್ಟಿಲ್ಲ."

ತಗಡು ನೋಡಿ ತೆರೆದಾಗ ಪೆಟ್ಟಿಗೆ ಮೊದಲಿನಂತೆಯೇ ತೆರೆಯಿತು. ಆಮೇಲೆಯೇ ಅವಳ ಹಣ ಅದರೊಳಗೆ ಹೋಯಿತು. ಬುರುಲ್ ಹೊಲಿದ ಉಣ್ಣೆಯ ಹಾಸುಗಳಿಗೆ ದೂರದೇಶದವರು ಕ್ರಿಪ್ಟೊದಲ್ಲಿ ಹಣ ಕೊಡುತ್ತಿದ್ದರು. ಬ್ಯಾಂಕಿನಲ್ಲಿ ಅವಳು ಇಟ್ಟದ್ದನ್ನೆಲ್ಲ ಗಂಡ ಬಳಿದುಕೊಂಡು ಹೋಗಿದ್ದ. ಅವನನ್ನು ಬಿಟ್ಟುಬಂದವಳಿಗೆ ಸರೋವರದ ದಾರಿಯಲ್ಲಿ ಎರಡು ಕೋಣೆಯ ಮನೆಯೊಂದನ್ನು ಕೊಳ್ಳುವ ಆಸೆ. ಸಪರಾಲಿ ಆ ತಗಡನ್ನು ತನ್ನ ಕುರಿಚರ್ಮದ ಕೋಟಿನ ಎಡ ಅಂಚಿನ ಅಸ್ತರಿನೊಳಗೆ ಹೊಲಿದುಕೊಂಡ.

"ಈ ಹಳೇ ಕೋಟನ್ನ ಕದಿಯೋ ಕಳ್ಳ ಇನ್ನೂ ಹುಟ್ಟಿಲ್ಲ."

ಅದು ನಿಜವೇ. ಆದರೆ ಶವಕ್ಕೆ ಸ್ನಾನ ಮಾಡಿಸಿದವರಿಗೆ ಸತ್ತವನ ಬಟ್ಟೆ ಸಲ್ಲುತ್ತದೆಂಬ ಪದ್ಧತಿಯನ್ನು, ಎಷ್ಟೋ ಸಲ ಸ್ನಾನ ಮಾಡಿಸಿ ಬಟ್ಟೆ ಪಡೆದಿದ್ದ ಅವನೇ ಮರೆತಿದ್ದ.

*

ಬುರುಲ್‌ಗೆ ಅದು ನೆನಪಾದಾಗ ತಡವಾಗಿತ್ತು. ಶವವನ್ನು ಸ್ಮಶಾನಕ್ಕೆ ಒಯ್ದ ಮೇಲೆ ಕನಿಷಾ ಹೆಮ್ಮೆಯಿಂದ ಹೇಳಿದಳು: ಒಳ್ಳೆಯ ಬಟ್ಟೆಯನ್ನೇ ಕೊಟ್ಟೆ, ಕೋಟು ಜುಮಾಕಾದಿರನ ಪಾಲಿಗೆ ಹೋಯಿತು. ಜುಮಾಕಾದಿರ್ ಬಜಾರಿನಲ್ಲಿ ಸಪರಾಲಿಯ ಪಕ್ಕದಲ್ಲೇ ಕುಳಿತು ಬೂಟು ಹೊಲಿಯುತ್ತಿದ್ದ ಗೆಳೆಯ. ಊಟ ಮುಗಿಸಿ ಸೀದಾ ಬೆಟ್ಟದ ಹುಲ್ಲುಗಾವಲಿಗೆ ಹೋಗಿ, ಕುರಿ ಕಾಯುವ ಮಗನಿಗೆ ಕೋಟು ಕೊಡುತ್ತೇನೆಂದು ಹೇಳಿದ್ದನಂತೆ.

ಸತ್ತ ತಂದೆಯ ಬಟ್ಟೆಯನ್ನು ಹಿಂದಕ್ಕೆ ಕೇಳಿದ ಮಗಳು ಆ ಊರಿನಲ್ಲಿ ತಲೆಯೆತ್ತಿ ನಡೆಯಲಾರಳು. ಕಾರಣ ಹೇಳಿ ಕೇಳಿದರೆ ತಗಡಿನ ಗುಟ್ಟು ಅಂಗಳಕ್ಕೆಲ್ಲ ತಿಳಿಯುತ್ತದೆ; ತಗಡು ಯಾರ ಕೈಗೆ ಸಿಕ್ಕಿತೋ ಹಣ ಅವರದಾಗುತ್ತದೆ. ಮಿರ್ಲಾನ್ ಫೋನು ಹಿಡಿದು ಅಂಗಳದಲ್ಲಿಯೇ ಸುಳಿದಾಡುತ್ತಿದ್ದ.

ಮಣ್ಣುಕೊಟ್ಟ ಗಂಡಸರು ಗೋಳಿಡುತ್ತ ಬೀದಿಯ ತುದಿಯಲ್ಲಿ ಕಾಣಿಸಿಕೊಂಡರು. ಅವರನ್ನು ಹೆಂಗಸರು ಹಾಡಿನಿಂದ ಎದುರುಗೊಳ್ಳಬೇಕು. ಮೊದಲ ಹಾಡು ಮಗಳದು. ಜುಮಾಕಾದಿರನ ಹೆಗಲ ಮೇಲೆ ಮಡಿಸಿದ ಕೋಟಿತ್ತು. ಬುರುಲ್ ಸೊಂಟಕ್ಕೆ ಕೈಕೊಟ್ಟು ದನಿಯೆತ್ತಿದಳು.

"ಊರ ಬೀಗವೆಲ್ಲ ತೆರೆದು ಯಾರ ಕೀಯೂ ಇಟ್ಟುಕೊಳ್ಳದ ಅಪ್ಪ,
ಎಡ ಅಂಚಿನಲ್ಲಿ ನನ್ನ ಸೂರು ಹೊಲಿದುಕೊಂಡು ನಡೆದ ಅಪ್ಪ,
ಕೋಟು ಹೊತ್ತ ಗೆಳೆಯನೇ, ಬೆಟ್ಟ ಹತ್ತಿಸಬೇಡ,
ಮಗಳ ಮನೆಯ ಭಾರವದು, ಯಾರ ಕೈಗೂ ಕೊಡಬೇಡ."

ಹೆಂಗಸರು ಬಿಕ್ಕಿದರು. ಎಂಥ ಪದ ಕಟ್ಟಿದಳು ಎಂದು ಕನಿಷಾ ಪಕ್ಕದವಳ ಕಿವಿಯಲ್ಲಿ ಹೇಳಿದಳು. ಜುಮಾಕಾದಿರ್ ಒಂದು ಗಳಿಗೆ ನಿಂತ. ಜೀವಮಾನವೆಲ್ಲ ಚರ್ಮ ಹೊಲಿದ ಅವನ ಬೆರಳುಗಳು ಕೋಟಿನ ಎಡ ಅಂಚಿನ ಗುಂಟ ಸರಿದು, ಒಂದು ಕಡೆ ತಡೆದವು.

ಊಟವಾದ ಮೇಲೆ ಅವನು ಗುಡಾರದ ಬಾಗಿಲಿಗೆ ಬಂದ.

"ಮಗಳೇ, ಇದರ ಅಂಚು ಬಿಚ್ಚಿದೆ. ನಿಮ್ಮಪ್ಪ ಬೀಗ ಬಲ್ಲವನು, ಹೊಲಿಗೆ ಬಲ್ಲವನಲ್ಲ. ಸೂಜಿ ತಗೋ. ಬೇಕಾದ್ದು ಇದ್ರೆ ತೆಗೆದುಕೋ, ನಾನು ಆಕಡೆ ನೋಡ್ತೀನಿ."

ಬುರುಲ್ ಕೋಟನ್ನು ಮಡಿಲಿಗೆ ಎಳೆದುಕೊಂಡಳು. ಅಸ್ತರಿನೊಳಗೆ ತಗಡು ತಣ್ಣಗೆ ಬೆರಳಿಗೆ ಸಿಕ್ಕಿತು. ಅಂಗಳದಲ್ಲಿ ಮಿರ್ಲಾನ್ ಕತ್ತು ಉದ್ದ ಮಾಡಿ ನೋಡುತ್ತಿದ್ದ. ಅವಳು ತಗಡನ್ನು ಹೊರಗೆ ತೆಗೆಯಲಿಲ್ಲ; ಅಪ್ಪನ ಒರಟು ಹೊಲಿಗೆಯ ಮೇಲೆ ತನ್ನ ಒತ್ತು ಹೊಲಿಗೆ ಹಾಕಿ, ದಾರವನ್ನು ಹಲ್ಲಿನಿಂದ ಕಡಿದಳು.

"ಇವತ್ತು ಮನೆ ತುಂಬ ಜನ, ಚಿಕ್ಕಪ್ಪಾ. ಎಲ್ಲರೂ ಹೋದ ಮೇಲೆ ತನ್ನಿ."

"ಮಗನಿಗೆ ಬೇರೆ ಕೋಟು ಕೊಡಿಸ್ತೀನಿ" ಎಂದು ಜುಮಾಕಾದಿರ್ ಅದನ್ನು ತೊಟ್ಟುಕೊಂಡ.

ಕಡುಬೇಸಿಗೆ. ಚಹಾ ಕುಡಿಯುತ್ತಿದ್ದವರು ಬೆವರು ಒರೆಸಿಕೊಂಡು ನಕ್ಕರು. ಸೆಕೆಯಾಗುವುದಿಲ್ಲವೇ ಎಂದು ಮಿರ್ಲಾನ್ ಕೇಳಿದ. ಜುಮಾಕಾದಿರ್ ಕೊರಳಿನ ಗುಂಡಿಯನ್ನೂ ಹಾಕಿಕೊಂಡು, ಗುಡಾರದ ಬಾಗಿಲಿಗೆ ಅಡ್ಡಲಾಗಿ, ಎಡ ಅಂಚನ್ನು ತೊಡೆಯ ಕೆಳಗೆ ಒತ್ತಿಕೊಂಡು ಕುಳಿತ.