ತಾತನ ತಟ್ಟೆಗೆ ಕೈ ಹಾಕಬಾರದು

ಪಥ್ಯಾಹಾರದ ಪದವಿ ಓದುತ್ತಿದ್ದವರಲ್ಲಿ ಒಬ್ಬರನ್ನು ಮಾತ್ರ ಮೇಡಂ ತಮ್ಮ ಸಂಶೋಧನೆಗೆ ಸೇರಿಸಿಕೊಳ್ಳುತ್ತಾರೆ ಎಂಬ ಸುದ್ದಿ ಬಂದದ್ದೇ ತಡ, ತರಗತಿಯಲ್ಲಿ ಗೆಳೆತನಗಳೆಲ್ಲ ಹಳಸಿಹೋದವು. ನಿನ್ನೆಯವರೆಗೆ ಒಂದೇ ಡಬ್ಬಿಯಲ್ಲಿ ಉಂಡವರು ಇವತ್ತು ಪುಸ್ತಕಕ್ಕೆ ಕೈ ಅಡ್ಡ ಇಟ್ಟು ಬರೆಯತೊಡಗಿದರು. ಆಯ್ಕೆಯಾದವಳ ಹೆಸರು ಪ್ರಬಂಧದಲ್ಲಿ ಅಚ್ಚಾಗುತ್ತದೆ, ಮುಂದೆ ದೊಡ್ಡ ಆಸ್ಪತ್ರೆಯವರು ತಾವಾಗಿ ಕರೆದು ಕೆಲಸ ಕೊಡುತ್ತಾರೆ. ಯಾರಿಗೆ ಬೇಡ ಹೇಳಿ?

ಮನೆಯಲ್ಲಿ ಹಾಸಿಗೆ ಹಿಡಿದ ಮುದುಕರು ನಿಜಕ್ಕೂ ಎಷ್ಟು ತಿನ್ನುತ್ತಾರೆ ಎಂದು ಒಂದು ತಿಂಗಳು ಬರೆದಿಡುವುದೇ ಆಯ್ಕೆಗೆ ಮೇಡಂ ಇಟ್ಟ ಪರೀಕ್ಷೆ. ಉಳಿದ ಹುಡುಗಿಯರು ಮುದುಕರನ್ನು ಹುಡುಕಿಕೊಂಡು ಬೀದಿ ಬೀದಿ ಅಲೆದರು. ನಮ್ಮ ಹುಡುಗಿಗೆ ಆ ತಾಪತ್ರಯವೇ ಇರಲಿಲ್ಲ. ಅವಳ ಮನೆಯಲ್ಲೇ, ಅಡುಗೆಮನೆಗೆ ಅಂಟಿದ ಕೋಣೆಯಲ್ಲಿ, ರಬ್ಬರ್ ಹಾಳೆ ಹಾಸಿದ ಮಂಚದ ಮೇಲೆ ತಾತ ಮಲಗಿದ್ದ. ಆಯುಷ್ಯವೆಲ್ಲ ಕ್ಷೌರದಂಗಡಿಯಲ್ಲಿ ನಿಂತು ಊರವರ ತಲೆಯನ್ನೂ ಸುದ್ದಿಯನ್ನೂ ಕತ್ತರಿಸಿದ ಮನುಷ್ಯ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದಿತ್ತು, ನಾಲಿಗೆ ಮಾತ್ರ ಗಟ್ಟಿಯಾಗಿತ್ತು.

ಮೇಡಂ ಒಂದೇ ನಿಯಮ ಹೇಳಿದ್ದರು. “ತಟ್ಟೆ ಒಳಗೆ ಹೋಗುವಾಗ ತೂಕ ಮಾಡು, ವಾಪಸ್ ಬಂದಾಗ ತೂಕ ಮಾಡು. ಮನೆಯವರು ಏನು ಕೊಡ್ತಾರೋ ಅದನ್ನ ನೋಡು. ಕೈ ಹಾಕಬಾರದು. ನೀನು ಒಂದು ತುತ್ತು ಜಾಸ್ತಿ ಕೊಟ್ರೂ ಅದು ಅವರ ಊಟ ಅಲ್ಲ, ನಿನ್ನ ಊಟ. ಅಂಥ ಲೆಕ್ಕ ನನಗೆ ಬೇಡ.”

ಮನೆಯವರು ಅಂದರೆ ಅಮ್ಮ. ಅಪ್ಪ ಲಾರಿ ಡ್ರೈವರ್, ಅಪರೂಪಕ್ಕೆ ಮುಖ ತೋರಿಸುವವನು. ಅಮ್ಮ ಬಟ್ಟೆ ಕಾರ್ಖಾನೆಯಲ್ಲಿ ಹಗಲೆಲ್ಲ ನಿಂತೇ ಇಸ್ತ್ರಿ ಮಾಡಿ, ಮನೆಗೆ ಬಂದು ಮಾವನ ಹೊಲಸು ಬಟ್ಟೆ ಒಗೆಯಬೇಕು. ಹಾಗಾಗಿ ಅವಳು ಒಂದು ಉಪಾಯ ಕಂಡುಕೊಂಡಿದ್ದಳು. ತಟ್ಟೆಗೆ ಅರ್ಧ ಸೌಟು ಅನ್ನ, ಮೇಲೊಂದಿಷ್ಟು ತಿಳಿಸಾರು. ನೀರು ಗುಟುಕು ಲೆಕ್ಕದಲ್ಲಿ.

“ತಿಂದಷ್ಟೂ ಒಗೆಯೋಳು ನಾನೇ ತಾನೆ?” ಎಂದಳು ಮಗಳ ಮುಖ ನೋಡದೆ. ಅವಳನ್ನು ರಾಕ್ಷಸಿ ಅನ್ನಲು ನನಗೆ ನಾಲಿಗೆ ಹೊರಳುವುದಿಲ್ಲ. ಆ ಕೈಗಳನ್ನು ನೋಡಿದ್ದರೆ ನೀವೂ ಅನ್ನುತ್ತಿರಲಿಲ್ಲ.

ತಕ್ಕಡಿ ಕಂಡು ತಾತನಿಗೆ ಹಿಗ್ಗೋ ಹಿಗ್ಗು. “ಬಂದ್ಲು ನೋಡು ನಮ್ಮ ಡಾಕ್ಟ್ರಮ್ಮ! ತೂಗಿ ತೂಗಿ ಕೊಡ್ತಾಳಂತೆ. ಇನ್ಮೇಲೆ ನನ್ನ ಹೊಟ್ಟೆಗೆ ಯಾವ ಚಿಂತೆ?”

ಮೊಮ್ಮಗಳು ನಕ್ಕು, ಅವನ ತೋಳಿಗೆ ಟೇಪು ಸುತ್ತಿ ಅಳತೆ ಬರೆದುಕೊಂಡಳು. ವಾರ ಕಳೆದಂತೆ ಟೇಪಿನ ಸುತ್ತು ಕಿರಿದಾಯಿತು. ತೋಳಿನ ಚರ್ಮ ಬಡಕಲು ಕರುವಿನ ಕತ್ತಿನಂತೆ ಜೋತುಬಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರಲ್ಲ, ಇಲ್ಲಿ ಬೆಕ್ಕಿಗೂ ಸಂಕಟವೇ. ಅವಳು ಅಡುಗೆಮನೆಯಲ್ಲಿ ತಾತನ ಬಾಗಿಲಿಗೆ ಬೆನ್ನು ಹಾಕಿ ಕೂತು ಉಣ್ಣುತ್ತಿದ್ದಳು. ಉಣ್ಣುತ್ತಿದ್ದಳು ಅನ್ನುವುದನ್ನು ಮರೆಯಬೇಡಿ.

ಒಂದು ಮಧ್ಯಾಹ್ನ ತಾತ ಅವಳ ಮಣಿಕಟ್ಟು ಹಿಡಿದುಕೊಂಡ. “ಮಗಾ, ಒಂದು ಮೊಟ್ಟೆ ಬೇಯಿಸಿ ಕೊಡ್ತೀಯಾ? ನಿಮ್ಮಮ್ಮನಿಗೆ ಹೇಳ್ಬೇಡ.”

“ಈಗ ಬೇಡ ತಾತ. ಪರೀಕ್ಷೆ ಮುಗೀಲಿ.”

“ಯಾರ ಪರೀಕ್ಷೆ? ನಿಂದೋ, ನಂದೋ?”

ಅವಳು ಮಣಿಕಟ್ಟು ಬಿಡಿಸಿಕೊಂಡಳು. ಮರುದಿನವೇ ಮೇಡಂ ಎದುರು ನಿಂತಳು. “ತುಂಬಾ ಇಳಿದುಹೋಗಿದ್ದಾರೆ ಮೇಡಂ. ಸ್ವಲ್ಪ ಕೊಡ್ಲಾ?”

ಮೇಡಂ ಅವಳ ಅಳತೆಗಳ ಮೇಲೆ ಕಣ್ಣಾಡಿಸಿದರು, ಕನ್ನಡಕ ತೆಗೆದು ಮತ್ತೊಮ್ಮೆ ನೋಡಿದರು. “ಇಷ್ಟು ಚೊಕ್ಕವಾದ ಇಳಿತ ಯಾರ ಮನೆಯಿಂದಲೂ ಬಂದಿಲ್ಲ ಕಣಮ್ಮಾ. ತಿಂಗಳು ಮುಗೀಲಿ. ಆಮೇಲೆ ನಿನ್ನ ತಾತ, ನಿನ್ನ ಇಷ್ಟ.”

ಅಲ್ಲಿ ಒಂದು ಮಾತು ಆಡಬಹುದಿತ್ತು. ಬಾಯಿಗೆ ಬೀಗ ಬಿದ್ದಿತ್ತು, ಬೀಗದ ಕೈ ಅವಳ ಹತ್ತಿರವೇ ಇತ್ತು.

ತಿಂಗಳು ಮುಗಿಯಿತು. ಆಯ್ಕೆಯಾದವಳು ಅವಳೇ. ಸಹಪಾಠಿಗಳ ಗಂಟಿಕ್ಕಿದ ಮುಖಗಳನ್ನು ದಾಟಿ ನೇರ ಅಂಗಡಿಗೆ ಓಡಿದಳು. ಮೊಟ್ಟೆ, ಹಾಲು, ಬೆಣ್ಣೆ, ಬ್ರೆಡ್ಡು, ಜೇನು, ಬಾಳೆಹಣ್ಣು, ಎರಡೂ ಕೈ ತುಂಬ ತಂದಳು.

“ಇದೆಲ್ಲ ಒಗೆಯೋರು ಯಾರೇ?” ಅಂದಳು ಅಮ್ಮ.

“ನಾನೇ ಒಗೀತೀನಿ. ನೀನು ಮಲಕ್ಕೋ ಹೋಗು.”

ಆ ಒಂದು ಮಾತು! ಮೊದಲ ದಿನವೇ ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು? ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಮೊಮ್ಮಗಳು ಅಳುತ್ತ, ನಗುತ್ತ ತಾತನಿಗೆ ತಿನ್ನಿಸಿದಳು. ಅವನು ಸಾಕು ಅನ್ನಲಿಲ್ಲ, ಇವಳು ನಿಲ್ಲಿಸಲಿಲ್ಲ. ಜೇನು ಗಲ್ಲಕ್ಕೆ ಹರಿಯಿತು. “ಪಾಸಾದ್ನಾ ಮಗಾ ನಾನು?” ಅಂದ ತಾತ. ಮಾರನೆಯ ದಿನವೂ ಅದೇ ಸಂಭ್ರಮ. ಅದರ ಮಾರನೆಯ ಬೆಳಿಗ್ಗೆ ತಾತನ ಪಾದಗಳು ಊದಿಕೊಂಡಿದ್ದವು. ಮಾತು ತೊದಲಿತು, ಮೊಮ್ಮಗಳನ್ನು ಯಾರೋ ಗಿರಾಕಿ ಅಂದುಕೊಂಡು “ಕೂತ್ಕೊಳ್ಳಿ, ಈಗ ಬಂದೆ” ಅಂದ. ಮೇಲುಸಿರು ಹತ್ತಿತು. ಆಂಬುಲೆನ್ಸ್ ಬೀದಿ ತಿರುವಿಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನೆರೆಯವರು ಬಂದು ಅವಳ ತಲೆ ಸವರಿದರು. “ಮೊಮ್ಮಗಳ ಕೈಯಿಂದ ಹೊಟ್ಟೆ ತುಂಬಾ ಉಂಡು ಹೋದ್ರು. ಪುಣ್ಯವಂತರು ಕಣೆ. ನೀನೂ ಪುಣ್ಯವಂತೆ.” ಅವಳಿಗೂ ಅದೇ ಸಮಾಧಾನವಾಗಿತ್ತು, ಮೇಡಂ ಕೋಣೆಗೆ ಹೋಗುವವರೆಗೆ.

“ಅಯ್ಯೋ, ಒಣಗಿದ ಮೈಗೆ ಒಂದೇ ಸಲ ತುಂಬಿಸಿಬಿಟ್ಯಾ?” ಮೇಡಂ ಪೆನ್ನು ಕೆಳಗಿಟ್ಟರು. “ಹಾಗೆ ಮಾಡಿದ್ರೆ ರಕ್ತದಲ್ಲಿರೋ ಲವಣಗಳೆಲ್ಲ ಏರುಪೇರಾಗಿ ಹೃದಯವೇ ಕೈಕೊಡುತ್ತೆ. ಚಮಚ ಚಮಚ ಏರಿಸ್ತಾ ಹೋಗ್ಬೇಕು. ಅದು ಕೊನೇ ವರ್ಷದ ಪಾಠ, ನಿನಗೆ ಗೊತ್ತಿಲ್ಲ ಬಿಡು.”

“ನೀವಾದ್ರೂ ಹೇಳ್ಬಹುದಿತ್ತಲ್ಲ ಮೇಡಂ.”

“ಹೇಗೆ ಕೊಡ್ಬೇಕು ಅಂತ ನೀನು ಕೇಳ್ಲಿಲ್ಲವಲ್ಲ.” ಮೇಡಂ ಎದ್ದು ಬಂದು ಅವಳ ಹೆಗಲ ಮೇಲೆ ಕೈಯಿಟ್ಟರು. ಆ ಕೈಯಲ್ಲಿ ಕರುಣೆಯೂ ಇತ್ತು, ಇಲ್ಲವೆನ್ನಲಾರೆ. “ಆದದ್ದು ಆಯ್ತು. ಹಸಿವಿನ ಇಳಿತ, ಆಮೇಲೆ ಊಟ, ಆಮೇಲೆ ಸಾವು, ಒಂದೇ ಮನುಷ್ಯನಲ್ಲಿ ಎಲ್ಲಾ ದಾಖಲೆ. ಇದು ಬೇರೆಯದೇ ಪ್ರಬಂಧ. ನಿನ್ನ ಹೆಸರೇ ಮೊದಲು ಹಾಕೋಣ.”

ಹುಡುಗಿ ತುಂಬ ಹೊತ್ತು ಅತ್ತಳು. ಮೇಡಂ ನೀರು ಕೊಟ್ಟರು, ಕುಡಿದಳು. ಮೂಗೊರೆಸಿಕೊಂಡು ಕೇಳಿದಳು, “ತಾತನ ಹೆಸರು ಹಾಕ್ಬೇಕಾಗುತ್ತಾ ಮೇಡಂ?”

“ಛೆ ಛೆ. ರೋಗಿ ಹೆಸರು, ಸಂಬಂಧ, ಏನೂ ಹಾಕೋ ಹಾಗಿಲ್ಲ.”

“ಹಾಗಾದ್ರೆ ಬರೀತೀನಿ ಮೇಡಂ,” ಅಂದಳು.