ಮೂವತ್ತೆರಡನೇ ಮನೆ

ನಮ್ಮ ಓಣಿಯಲ್ಲಿರುವುದು ಮೂವತ್ತೊಂದು ಮನೆ. ಸರ್ಕಾರದ ಕಂಪ್ಯೂಟರ್ ಮಾತ್ರ ಒಂದೇ ಮನೆ ಅಂದುಬಿಟ್ಟಿತು.

ದೇಶದ ಪ್ರತಿ ಮನೆಗೂ ಡಿಜಿಟಲ್ ನಂಬರು, ನಂಬರಿಗೊಂದು ನಲ್ಲಿ ಎಂದು ಸಾರಿದಾಗ ಓಣಿಯವರೆಲ್ಲ ಕುಣಿದದ್ದೇ ಕುಣಿದದ್ದು. ಪಟ್ಟಿ ಬಂತು ನೋಡಿ, ಇಡೀ ಓಣಿಗೆ ಒಂದು ನಂಬರು, ಒಂದು ನಲ್ಲಿ! ನನಗೆ ಮೈಯೆಲ್ಲ ಉರಿದುಹೋಯಿತು. ನಾನೂ ನನ್ನ ವಾರಗಿತ್ತಿಯೂ ಮೂರು ವರ್ಷದ ಹಿಂದೆ ನಡುವೆ ಗೋಡೆ ಎಬ್ಬಿಸಿ ಬೇರೆಯಾದವರು. ಒಂದೇ ನಲ್ಲಿ ಎಂದರೆ ದಿನಾ ಬೆಳಗಾದರೆ ಮತ್ತೆ ಅವಳ ಮುಖ ನೋಡಬೇಕು.

ಹೊಲಿಗೆ ಯಂತ್ರ ಮುಚ್ಚಿಟ್ಟು ನೆಟ್ಟಗೆ ಕಚೇರಿಗೆ ಹೋದೆ. ಅಲ್ಲಿದ್ದ ಅಧಿಕಾರಿ, ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಡ್ರೋನ್ ತೆಗೆದ ಚಿತ್ರ ತೋರಿಸಿದಳು. ಸೋರದಿರಲಿ ಎಂದು ನಾವೆಲ್ಲ ತಗಡಿನ ಮೇಲೆ ತಗಡು ಹೊದಿಸಿ ಸೂರುಗಳನ್ನು ಸೇರಿಸಿಬಿಟ್ಟಿದ್ದೆವಲ್ಲ, ಉದ್ದಕ್ಕೂ ಒಂದೇ ಬೂದು ಬಣ್ಣ.

"ಮೇಲಿಂದ ಗೆರೆ ಕಾಣ್ಬೇಕಮ್ಮ. ಗೆರೆ ಇಲ್ಲ ಅಂದ್ರೆ ಒಂದೇ ಮನೆ ಅಂತ ತಿಳ್ಕೊಳ್ಳುತ್ತೆ."

"ನೀವೇ ಬಂದು ನೋಡ್ಬಾರ್ದಾ? ಕಾಲು ನೋಯುತ್ತಾ?"

ಪುಣ್ಯಾತ್ಗಿತ್ತಿ, ಸಿಟ್ಟಾಗಲಿಲ್ಲ. "ಗುರುವಾರ ಹತ್ತು ಗಂಟೆಗೆ ಇನ್ನೊಂದ್ಸಲ ಡ್ರೋನ್ ಕಳಿಸ್ತೀನಿ. ಅದು ಎಷ್ಟು ಮನೆ ಅನ್ನುತ್ತೋ ಅಷ್ಟು ಬಾಗಿಲಿಗೂ ನಾನೇ ಬಂದು ನಂಬರ್ ಹಾಕ್ತೀನಿ. ಅದೇ ಕೊನೆ."

ಇಪ್ಪತ್ತು ವರ್ಷ ಬಟ್ಟೆ ಕತ್ತರಿಸಿದವಳಿಗೆ ಗೆರೆ ಎಬ್ಬಿಸೋದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಪಕ್ಕಪಕ್ಕ ಬೇರೆ ಬಣ್ಣ ಇಟ್ಟರಾಯಿತು. ಮನೆಮನೆಗೂ ಹೋಗಿ, ಗುರುವಾರ ಎಲ್ಲರೂ ಸೂರಿನ ಮೇಲೆ ಬಟ್ಟೆ ಹಾಸಬೇಕು ಎಂದು ಹೇಳಿಬಂದೆ. ವಾರಗಿತ್ತಿಯ ಮನೆಗೆ ಮಾತ್ರ ಬೇರೆಯವರ ಬಾಯಲ್ಲಿ ಹೇಳಿಸಿದೆ.

"ನಂಗ್ಯಾವ ಬಣ್ಣನೇ?" ಎಂದರು ಅತ್ತೆ.

"ನಿಮಗ್ಯಾಕತ್ತೆ? ಈ ತಿಂಗಳು ನಮ್ಮನೇಲಿ, ಮುಂದಿನ ತಿಂಗಳು ಅವಳ ಮನೇಲಿ. ನಿಮಗೆಲ್ಲಿದೆ ಮನೆ?"

ಅತ್ತೆ ಎದ್ದು ಹಿತ್ತಲಿಗೆ ಹೋದರು. ನಾನು ಆ ಮಾತು ಮರೆತೇಬಿಟ್ಟೆ.

ಗುರುವಾರ ಓಣಿ ತುಂಬ ಏಣಿಗಳು. ಬಸ್ ಡ್ರೈವರು ಹಸಿರು ಪರದೆ ಹಾಸಿದ. ಕ್ಷೌರದವನು ಗಿರಾಕಿಗಳ ಕೊರಳಿಗೆ ಕಟ್ಟುವ ಬಿಳಿ ಬಟ್ಟೆಗಳನ್ನೆಲ್ಲ ಜೋಡಿಸಿದ. ನಾನು ನೀಲಿ ಹೊದಿಕೆ ಹರಡಿ ತಿರುಗಿದರೆ, ಪಕ್ಕದ ಸೂರಿನ ಮೇಲೆ ವಾರಗಿತ್ತಿಯದೂ ಅದೇ ನೀಲಿ! ಒಬ್ಬಳಿಗೆ ಹೆಚ್ಚು, ಒಬ್ಬಳಿಗೆ ಕಡಿಮೆ ಮಾಡಿದರು ಎನ್ನಿಸಿಕೊಳ್ಳಬಾರದೆಂದು ಅತ್ತೆ ಇಬ್ಬರಿಗೂ ಒಂದೇ ಥರದ್ದು ತಂದಿದ್ದರು.

"ತೆಗೀ ಅದನ್ನ!"

"ನೀನೇ ತೆಗೀ! ಮೊದ್ಲು ಹಾಸಿದ್ದು ನಾನು!"

ಮೂರು ವರ್ಷದಲ್ಲಿ ನಾವು ಆಡಿದ ಮೊದಲ ಮಾತು ಅದು. ಅಷ್ಟರಲ್ಲಿ ಡ್ರೋನಿನ ಸದ್ದು ಕೇಳಿಸಿತು.

"ಎರಡೂ ನೀಲಿ ಆದ್ರೆ ನಾವು ಮತ್ತೆ ಒಂದೇ ಮನೆ ಆಗ್ತೀವಿ ಕಣೇ!" ಎಂದು ಕಿರುಚಿದೆ.

ಆ ಮಾತಿಗೆ ಇಬ್ಬರೂ ಎಷ್ಟು ಹೆದರಿದೆವೆಂದರೆ, ಇಬ್ಬರೂ ಒಟ್ಟಿಗೇ ನಮ್ಮ ನಮ್ಮ ಹೊದಿಕೆ ತೆಗೆದುಬಿಟ್ಟೆವು. "ಅಯ್ಯೋ, ನೀನು ಹಾಸು ತಾಯಿ!" ಎಂದು ನಾನು ದಡಬಡ ಇಳಿದು, ಶಾಲೆಯ ಸಮವಸ್ತ್ರಕ್ಕೆಂದು ತಂದಿಟ್ಟಿದ್ದ ಹಳದಿ ಬಟ್ಟೆಯ ಸುರುಳಿ ಹೊತ್ತು ಹತ್ತಿದೆ. ಅದರ ಇನ್ನೊಂದು ತುದಿ ಹಿಡಿದವಳು ವಾರಗಿತ್ತಿಯೇ. ಡ್ರೋನ್ ತಲೆಯ ಮೇಲೆ ಹಾದಾಗ ಇಬ್ಬರಿಗೂ ಏದುಸಿರು. ನಮ್ಮಿಬ್ಬರ ಮನೆಯ ಹಿತ್ತಲಲ್ಲಿದ್ದ ಸೌದೆ ಕೋಣೆಯ ಮೇಲೆ ಏನೋ ಕೆಂಪಗೆ ಕಂಡಿತು. ಯಾರೋ ಒಣಗಲು ಹಾಕಿರಬೇಕು ಅಂದುಕೊಂಡೆ.

ಶನಿವಾರ ಅಧಿಕಾರಿ ಕೈಯಲ್ಲಿ ಟ್ಯಾಬ್ ಹಿಡಿದು ಬಂದಳು. "ಮೂವತ್ತೆರಡು ಮನೆ!"

ಓಣಿಗೆ ಓಣಿಯೇ ಹೋ ಎಂದು ಕೂಗಿತು. ಒಬ್ಬರನ್ನೊಬ್ಬರು ತಬ್ಬಿಕೊಂಡದ್ದೇನು, ಸಿಳ್ಳೆ ಹೊಡೆದದ್ದೇನು! ಆಮೇಲೆ ನನಗೆ ಹೊಳೆಯಿತು. "ತಾಳಿ, ನಮ್ದು ಮೂವತ್ತೊಂದೇ."

ಅಧಿಕಾರಿ ಟ್ಯಾಬ್ ನೋಡುತ್ತ ಹಿತ್ತಲಿಗೆ ನಡೆದು ಸೌದೆ ಕೋಣೆಯ ಬಾಗಿಲು ತಟ್ಟಿದಳು. ತೆಗೆದವರು ಅತ್ತೆ. ತಲೆ ಬಾಚಿ, ಇಸ್ತ್ರಿ ಮಾಡಿದ ಬಟ್ಟೆ ಉಟ್ಟಿದ್ದರು. ಒಳಗೆ ಸೌದೆಯ ಸುಳಿವಿಲ್ಲ. ಗುಡಿಸಿದ ನೆಲ, ಒಂದು ಒಲೆ, ಅವರ ಪೆಟ್ಟಿಗೆ, ಮಡಿಸಿಟ್ಟ ಕೆಂಪು ಹೊದಿಕೆ.

"ಇದು ಯಾರ ಮನೆ?"

"ನಂದು. ತಿಂಗಳಿಗೊಂದ್ಸಲ ಆ ಪೆಟ್ಟಿಗೆ ಹೊತ್ತು ಹೊತ್ತು ಸಾಕಾಯ್ತಮ್ಮ."

ನಾಚಿಕೆಯಿಂದ ನನ್ನ ತಲೆ ತಗ್ಗಿತು. ವಾರಗಿತ್ತಿ ನನ್ನ ಕೈ ಹಿಡಿದುಕೊಂಡಳು.

ಅಧಿಕಾರಿ ಬಾಗಿಲಿಗೆ ನಂಬರಿನ ಫಲಕ ಹೊಡೆದಳು. ಅತ್ತೆ ಅದರ ಮೇಲೆ ಬೆರಳಾಡಿಸಿ, ಮೂವತ್ತೆರಡು ಎಂದು ಎರಡು ಸಲ ಹೇಳಿಕೊಂಡರು. ಇಷ್ಟು ವರ್ಷದಲ್ಲಿ ಅವರು ಹಾಗೆ ಬೀಗಿದ್ದನ್ನು ನಾನು ಕಂಡಿರಲಿಲ್ಲ. ಕಣ್ಣು ತುಂಬಿಬಂತು.

"ಏನ್ರೇ, ಗರ ಬಡಿದವರ ಥರ ನಿಂತಿದ್ದೀರ?" ಎಂದರು ಅತ್ತೆ. "ಚಪ್ಪಲಿ ಹೊರಗೆ ಬಿಟ್ಟು ಇಬ್ರೂ ಒಳಗೆ ಬನ್ನಿ. ನನ್ನ ಮನೆಗೆ ಮೊದಲ್ನೇ ಸಲ ಬರ್ತಿದ್ದೀರ."